ಬಲೂನು ಮೀಮಾಂಸೆ: ಹವ್ಯಾಸಿಗಳ ಊರ್ಧ್ವಗಮನ ಮತ್ತು ತತ್ಸಂಬಂಧಿ ಅಧೋಗತಿ

ಯಾವ ಶಾಸ್ತ್ರಗ್ರಂಥವಾದರೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು ನಿರೂಪಿಸಿಯೇ ಮುಂದಡಿಯಿಡಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆಯಾಗಿರುವುದರಿಂದ, ರಬ್ಬರಿನ ಬಲೂನಿಗೆ ಕ್ಯಾಮೆರಾ ಕಟ್ಟಿ 30 ಕಿ.ಮೀ. ಎತ್ತರಕ್ಕೆ ಬಿಡುವ ಹವ್ಯಾಸವನ್ನು ಕುರಿತ ಈ ಪ್ರಬಂಧವೂ ಆ ಕಟ್ಟಳೆಗೆ ಹೊರತಾಗತಕ್ಕದ್ದಲ್ಲ. ಇಲ್ಲಿ ವಿಷಯವೆಂದರೆ ಸುಮಾರು 1,200 ಗ್ರಾಂ ತೂಕದ ಒಂದು ಲೇಟೆಕ್ಸ್ ಬಲೂನು, ಅದಕ್ಕೆ ಜೋತುಬಿದ್ದ ಪ್ಯಾರಾಚೂಟು, ಪ್ಯಾರಾಚೂಟಿಗೆ ಜೋತುಬಿದ್ದ ಥರ್ಮೋಕೋಲ್ ಡಬ್ಬಿ, ಮತ್ತು ಆ ಡಬ್ಬಿಯನ್ನು ನೆಚ್ಚಿ ನೆಲದ ಮೇಲೆ ಕತ್ತೆತ್ತಿ ನಿಂತ ನಾಲ್ಕಾರು ಮಂದಿ. ಪ್ರಯೋಜನವೆಂದರೆ ಭೂಮಿ ದುಂಡಗಿದೆಯೆ ಎಂಬ, ಯಾರೂ ಕೇಳದ ಪ್ರಶ್ನೆಗೆ ಸ್ವಂತ ಖರ್ಚಿನಲ್ಲಿ ಉತ್ತರ ಒದಗಿಸುವುದು. ಸಂಬಂಧವೆಂದರೆ ಬಲೂನಿಗೂ ಡಬ್ಬಿಗೂ ನಡುವಣ ನೈಲಾನ್ ದಾರ. ಅದು ಹರಿದ ಮೇಲೆ ಒಂದಕ್ಕೊಂದು ಸಂಬಂಧವಿರುವುದಿಲ್ಲ. ಅಧಿಕಾರಿಯೆಂದರೆ ಭಾನುವಾರದ ರಜೆ, ಗೆಳೆಯನೊಬ್ಬನ ಕಾರು, ಮನೆಯವರ ಮೌನ ಎಂಬ ಸಾಧನತ್ರಯದಿಂದ ಸಂಪನ್ನನಾದವನು.

ಇದು ಯಾವ ಶಾಸ್ತ್ರದ ಶಾಖೆಯೆಂಬಲ್ಲಿ ವಿವಾದವಿದೆ. ಡಬ್ಬಿಯು ಆಕಾಶಕ್ಕೆ ಹೋಗುವುದರಿಂದ ಖಗೋಳಶಾಸ್ತ್ರದಲ್ಲಿ ಅಡಕವಾಗುತ್ತದೆಂಬುದು ಪೂರ್ವಪಕ್ಷ. ಅದು ನಿಲ್ಲುವ ಮಾತಲ್ಲ. ಏಕೆಂದರೆ ಬಾಹ್ಯಾಕಾಶದ ಗಡಿಯೆಂದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಕಾರ್ಮಾನ್ ರೇಖೆಯು 100 ಕಿ.ಮೀ. ಎತ್ತರದಲ್ಲಿದ್ದು, ಬಲೂನು ಆ ದಾರಿಯ ಮೂರನೆಯ ಒಂದು ಪಾಲನ್ನೂ ಕ್ರಮಿಸದೆ ಒಡೆದುಹೋಗುತ್ತದೆ. (ಇಷ್ಟಾದರೂ ‘ಬಾಹ್ಯಾಕಾಶದಿಂದ ತೆಗೆದ ಚಿತ್ರ’ ಎಂಬ ಅಡಿಬರಹವನ್ನು ಹವ್ಯಾಸಿಗಳು ಬಿಟ್ಟುಕೊಡುವುದು ವಿರಳ.) ಸಿದ್ಧಾಂತವು ಹೀಗಿದೆ: ಮೇಲೇರುವ ಕೆಲಸವನ್ನು ಹೀಲಿಯಂ ಅನಿಲವು ಯಾರ ಸಲಹೆಯನ್ನೂ ಕೇಳದೆ ತಾನೇ ನಿರ್ವಹಿಸುವುದರಿಂದ ಅಲ್ಲಿ ಶಾಸ್ತ್ರಕ್ಕೆ ಕೆಲಸವಿಲ್ಲ, ಲೆಕ್ಕ, ಜಗಳ, ಡೀಸೆಲ್ಲು ಇವೆಲ್ಲ ವ್ಯಯವಾಗುವುದು ಇಳಿದದ್ದನ್ನು ಹುಡುಕುವುದರಲ್ಲಿ. ಆದಕಾರಣ ಮೇಯಲು ಬಿಟ್ಟ ಎಮ್ಮೆಯನ್ನು ಹೊತ್ತು ಮುಳುಗಿದ ಮೇಲೆ ಹುಡುಕಿಕೊಂಡು ಹೋಗುವ ವಿದ್ಯೆಯ ಪಕ್ಕದಲ್ಲಿಯೇ ಇದನ್ನು ಇರಿಸುವುದು ಯುಕ್ತ. ಭೇದವಿಷ್ಟೇ, ಎಮ್ಮೆಗೆ ಮನೆಯ ದಾರಿ ಗೊತ್ತಿರುತ್ತದೆ.

ಪರಂಪರೆಯೂ ಈ ಸಿದ್ಧಾಂತವನ್ನೇ ಪುಷ್ಟೀಕರಿಸುತ್ತದೆ. 1783ರ ಆಗಸ್ಟ್ 27ರಂದು ಜಾಕ್ ಶಾರ್ಲ್ ಎಂಬ ವಿದ್ವಾಂಸನು ಪ್ಯಾರಿಸ್ಸಿನಲ್ಲಿ ಬಿಟ್ಟ, ಮನುಷ್ಯರಿಲ್ಲದ ಜಲಜನಕದ ಬಲೂನು ಮುಕ್ಕಾಲು ಗಂಟೆ ಹಾರಿ ಗೊನೆಸ್ ಎಂಬ ಹಳ್ಳಿಯಲ್ಲಿ ಬಿದ್ದಾಗ, ಹೆದರಿದ ಊರವರು ಹುಲ್ಲು ಹೊರಳಿಸುವ ಕವೆಗೋಲುಗಳಿಂದ ಅದನ್ನು ತಿವಿದು ಚಿಂದಿಮಾಡಿದರು. ಹಾರಿಸಿದವರಿಗೆ ಕೀರ್ತಿಯೂ ಹುಡುಕಹೋದವರಿಗೆ ಚಿಂದಿಯೂ ದಕ್ಕುವ ಸಂಪ್ರದಾಯಕ್ಕೆ ಇದೇ ಮೂಲ. ಕ್ಯಾಮೆರಾದ ವಿಚಾರದಲ್ಲಿ ಮೂಲಪುರುಷನು ಪ್ಯಾರಿಸ್ಸಿನ ಛಾಯಾಗ್ರಾಹಕ ನದಾರ್. ಬುಟ್ಟಿಯೊಳಗೇ ಕತ್ತಲೆಕೋಣೆ ಕಟ್ಟಿಕೊಂಡು ಮೇಲೇರಿದ ಅವನ ಗಾಜಿನ ಫಲಕಗಳು ಮೊದಮೊದಲು ಬರಿದೇ ಕಪ್ಪಾಗಿ ಬಂದವು. ಬಲೂನಿನ ಬಾಯಿಂದ ಸೋರುತ್ತಿದ್ದ ಗಂಧಕಯುಕ್ತ ಅನಿಲವೇ ರಾಸಾಯನಿಕಗಳನ್ನು ಕೆಡಿಸುತ್ತಿತ್ತೆಂಬುದು ತಿಳಿದು, ಆ ಬಾಯಿಯನ್ನು ಮುಚ್ಚಿದ ಮೇಲೆ 1858ರಲ್ಲಿ ಚಿತ್ರ ಮೂಡಿತು. ಆ ಚಿತ್ರ ಉಳಿದಿಲ್ಲ. ಉಳಿದಿರುವವುಗಳಲ್ಲಿ ಅತ್ಯಂತ ಹಳೆಯದು ಜೇಮ್ಸ್ ವ್ಯಾಲೇಸ್ ಬ್ಲ್ಯಾಕ್ 1860ರಲ್ಲಿ ತೆಗೆದ ಬಾಸ್ಟನ್ ನಗರದ ಚಿತ್ರ. ಹಿಗ್ಗಿ ಹಿಗ್ಗಿ ಒಡೆದು, ಪ್ಯಾರಾಚೂಟಿನಲ್ಲಿ ಉಪಕರಣವನ್ನು ಇಳಿಸುವ ರಬ್ಬರು ಬಲೂನು ಮಾತ್ರ 20ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ರಿಚರ್ಡ್ ಆಸ್‌ಮನ್ ಬಳಕೆಗೆ ತಂದದ್ದು. ಕನ್ನಡ ನಾಡಿನ ಪಾಲೂ ಇದರಲ್ಲಿ ಇಲ್ಲದಿಲ್ಲ: ಕಾಸ್ಮಿಕ್ ಕಿರಣಗಳನ್ನು ಅಳೆಯಲು ರಾಬರ್ಟ್ ಮಿಲಿಕನ್ ತಂಡವು 1939–40ರ ಚಳಿಗಾಲದಲ್ಲಿ ಬೆಂಗಳೂರಿನಿಂದಲೂ ಬಲೂನುಗಳನ್ನು ಬಿಟ್ಟಿತ್ತು; ಇತ್ತೀಚಿನ ವರ್ಷಗಳಲ್ಲಿ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಹೊಸಕೋಟೆಯ ಆವರಣದಿಂದ ಬಿಟ್ಟಿದ್ದಾರೆ. ಆದುದರಿಂದ ಈ ಪ್ರಬಂಧವು ಹೊಸಕೋಟೆಯ ಆಸುಪಾಸಿನ ಬಯಲೊಂದನ್ನೇ ಕರ್ಮಭೂಮಿಯಾಗಿ ಇಟ್ಟುಕೊಳ್ಳುತ್ತದೆ.

ಅನಿಲದ ಪ್ರಮಾಣವು ನೀತಿಶಾಸ್ತ್ರಕ್ಕೆ ಸೇರಿದ ಪ್ರಶ್ನೆ. ಸಮುದ್ರಮಟ್ಟದಲ್ಲಿ ಒಂದು ಘನ ಮೀಟರ್ ಹೀಲಿಯಂ ಸುಮಾರು ಒಂದು ಕೆ.ಜಿ. ಭಾರವನ್ನು ಎತ್ತುತ್ತದೆ; ಬಯಲುಸೀಮೆಯ ಎತ್ತರದಲ್ಲಿ ಗಾಳಿ ತುಸು ತೆಳು, ಆದ್ದರಿಂದ ತುಸು ಕಡಿಮೆ. ಡಬ್ಬಿ ಮತ್ತು ಪ್ಯಾರಾಚೂಟಿಗೆ ಒಂದೂವರೆ ಕೆ.ಜಿ., ಬಲೂನಿನ ಸ್ವಂತ ತೂಕ 1.2 ಕೆ.ಜಿ., ಮೇಲೇರುವ ಉತ್ಸಾಹಕ್ಕೆಂದು ಒಂದು ಕೆ.ಜಿ. (ಇದನ್ನು ಬಲ್ಲವರು ‘ಮುಕ್ತ ಎತ್ತುವಿಕೆ’ ಎನ್ನುತ್ತಾರೆ) ಸೇರಿಸಿದರೆ ನಾಲ್ಕು ಘನ ಮೀಟರಿನಷ್ಟು ಅನಿಲ ಬೇಕಾಗುತ್ತದೆ. ಬಲೂನು ಆಗ ಎರಡು ಮೀಟರ್ ಅಗಲವಿರುತ್ತದೆ. 30 ಕಿ.ಮೀ. ಎತ್ತರದಲ್ಲಿ ಗಾಳಿಯ ಸಾಂದ್ರತೆ ನೆಲದಲ್ಲಿದ್ದುದರ ಅರವತ್ತರಲ್ಲೊಂದು ಪಾಲಿಗೆ ಇಳಿದು, ಬಲೂನು ಎಂಟು ಮೀಟರಿನವರೆಗೆ ಉಬ್ಬಿ ಬಿರಿಯುತ್ತದೆ. ಉದಾರಿಯಾದವನು ಹೆಚ್ಚು ಅನಿಲ ತುಂಬಿದರೆ ಬಲೂನು ಬೇಗ ಏರಿ, ಬೇಗ ಉಬ್ಬಿ, ಎತ್ತರ ತಲುಪುವ ಮುನ್ನವೇ ಒಡೆಯುತ್ತದೆ. ಜಿಪುಣನು ತೀರ ಕಡಿಮೆ ತುಂಬಿದರೆ ಅದು ಒಡೆಯಲೂ ಒಲ್ಲದೆ, ಇಳಿಯಲೂ ಒಲ್ಲದೆ ಎಲ್ಲೋ ನಡುವೆ ತೇಲುತ್ತ ಮೂರನೆಯ ರಾಜ್ಯಕ್ಕೆ ಹೋಗುತ್ತದೆ. ಈ ಎರಡು ದೋಷಗಳ ಮಧ್ಯಮ ಮಾರ್ಗವನ್ನು ಅಳೆಯುವ ಸಾಧನ ನೀರಿನ ಬಾಟಲಿ: ಬೇಕಾದಷ್ಟೇ ತೂಕಕ್ಕೆ ನೀರು ತುಂಬಿ ಬಲೂನಿನ ಕತ್ತಿಗೆ ಕಟ್ಟುತ್ತಾರೆ, ಬಾಟಲಿಯ ತಳ ನೆಲ ಬಿಟ್ಟ ಕ್ಷಣವೇ ಸಿಲಿಂಡರಿನ ಕೀಲಿ ತಿರುಗಿಸತಕ್ಕದ್ದು. ಆ ಹೊತ್ತಿಗೆ ಸರಿಯಾಗಿ ಬಾಯಾರಿದ ಸಹಾಯಕನೊಬ್ಬನು ಬಾಟಲಿಯಿಂದ ಎರಡು ಗುಟುಕು ಕುಡಿದಿದ್ದರೆ ಲೆಕ್ಕವು ಬೇರೆಯಾಗುತ್ತದೆ.

ತುಂಬುವ ಕರ್ಮವು ಗಾಳಿ ಏಳದ ಬೆಳಗಿನ ಜಾವದಲ್ಲಿ, ಮಡಿಯಲ್ಲಿ ನಡೆಯಬೇಕು. ಬರಿಗೈಯ ಜಿಡ್ಡು ತಾಗಿದ ಕಡೆ ಲೇಟೆಕ್ಸ್ ದುರ್ಬಲವಾಗುತ್ತದೆಂಬ ಕಾರಣಕ್ಕೆ ಕೈಗವಸು ತೊಟ್ಟು, ನೆಲದ ಮೇಲೆ ಮನೆಯಿಂದ ತಂದ ಹೊಸ ಬೆಡ್‌ಶೀಟ್ ಹಾಸಿ, ಅದರ ಮೇಲೆ ಬಲೂನನ್ನು ಮಲಗಿಸುತ್ತಾರೆ. ಮೈಲಿಗೆಯಾದ ಬಲೂನನ್ನು ಶುದ್ಧಿಮಾಡುವ ವಿಧಿ ಯಾವ ಗ್ರಂಥದಲ್ಲಿಯೂ ಹೇಳಿಲ್ಲ. ಹೊಸ ಬೆಡ್‌ಶೀಟಿನ ಮುಂದಿನ ಗತಿಯನ್ನು ಗೃಹಶಾಂತಿ ಪ್ರಕರಣದಲ್ಲಿ ವಿಚಾರಿಸತಕ್ಕದ್ದು.

ಡಬ್ಬಿಯ ಕಡುವೈರಿ ಚಳಿ. ಉಷ್ಣವಲಯದಲ್ಲಿ 16–17 ಕಿ.ಮೀ. ಎತ್ತರದ ಆಸುಪಾಸಿನಲ್ಲಿ ಉಷ್ಣತೆ ಸೊನ್ನೆಗಿಂತ 80 ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಳಗಿಳಿಯುತ್ತದೆ. ಆ ಎತ್ತರದಲ್ಲಿ ಧ್ರುವಪ್ರದೇಶದವರಿಗಿಂತ ನಮ್ಮ ನೆತ್ತಿಯ ಮೇಲೆಯೇ ಸಾಮಾನ್ಯವಾಗಿ ಹೆಚ್ಚು ಚಳಿಯಿದೆಯೆಂಬುದು ಬೆಂಗಳೂರಿನವರು ಸ್ವೆಟರ್ ತೊಡುವುದಕ್ಕೆ ಒದಗಿಸಬಹುದಾದ ಏಕೈಕ ಶಾಸ್ತ್ರಾಧಾರ. ಈ ಚಳಿಯಲ್ಲಿ ಸಾಮಾನ್ಯ ಸೆಲ್ಲುಗಳು ಸತ್ತುಹೋಗುವುದರಿಂದ ಲಿಥಿಯಂ ಸೆಲ್ಲುಗಳನ್ನು ಹಾಕಬೇಕು. 2009ರಲ್ಲಿ ಅಮೆರಿಕದ ಎಂ.ಐ.ಟಿ. ವಿದ್ಯಾರ್ಥಿಗಳು 150 ಡಾಲರಿನೊಳಗೆ ಇಂಥ ಹಾರಾಟ ಮುಗಿಸಿ ಲೋಕಪ್ರಸಿದ್ಧರಾದಾಗ, ಡಬ್ಬಿಯನ್ನು ಬೆಚ್ಚಗಿಡಲು ಚಳಿನಾಡಿನವರು ಅಂಗೈಯಲ್ಲಿ ಹಿಡಿದುಕೊಳ್ಳುವ ಬಿಸಿಪೊಟ್ಟಣಗಳನ್ನು ಬಳಸಿದ್ದರು. ಅಲ್ಲಿಂದೀಚೆಗೆ ಈ ಹವ್ಯಾಸವು ಅಗ್ಗವೆಂಬ ನಂಬಿಕೆ ಹಬ್ಬಿದೆ. ಕ್ಯಾಮೆರಾ ಒಂದೇ ಸಲ ಕಳೆಯುವುದೆಂದು ಊಹಿಸಿದರೆ ಅದು ನಿಜ.

ಜಿ.ಪಿ.ಎಸ್. ಎಂಬ ಸ್ಥಾನಸೂಚಕದ ವರ್ತನೆ ಇನ್ನೂ ವಿಚಿತ್ರ. ಕ್ಷಿಪಣಿಗಳಿಗೆ ದಾರಿತೋರದಿರಲೆಂದು 18 ಕಿ.ಮೀ. ಎತ್ತರ ಮತ್ತು 1,000 ನಾಟ್ ವೇಗ ಎರಡನ್ನೂ ದಾಟಿದ ಗ್ರಾಹಕವು ಸುಮ್ಮನಾಗಬೇಕೆಂಬ ಒಂದು ಹಳೆಯ ನಿರ್ಬಂಧವಿದ್ದು, ಕೆಲವು ತಯಾರಕರು ಅತಿವಿನಯದಿಂದ ‘ಎರಡರಲ್ಲಿ ಒಂದನ್ನು ದಾಟಿದರೂ ಸಾಕು’ ಎಂದು ಅರ್ಥೈಸಿದ್ದಾರೆ. ಪರಿಣಾಮವಾಗಿ, ಸೆಕೆಂಡಿಗೆ ಐದು ಮೀಟರಿನಂತೆ, ಅಂದರೆ ಸೈಕಲ್ ಸವಾರನ ವೇಗದಲ್ಲಿ ಏರುತ್ತಿರುವ ಥರ್ಮೋಕೋಲ್ ಡಬ್ಬಿಯೊಂದು 18 ಕಿ.ಮೀ. ತಲುಪಿದೊಡನೆ ತಾನೇ ಕ್ಷಿಪಣಿಯೆಂದು ಶಂಕಿಸಿಕೊಂಡು ಬಾಯಿ ಮುಚ್ಚುತ್ತದೆ. ಕೊಳ್ಳುವ ಮುಂಚೆ ಗ್ರಾಹಕದ ಆತ್ಮಪ್ರತ್ಯಯವನ್ನು ವಿಚಾರಿಸಿಕೊಳ್ಳುವುದು ಒಳಿತು.

ಇನ್ನು ಗಾಳಿ. ಈ ಪ್ರಕರಣದಲ್ಲಿ ಕರ್ನಾಟಕದ ಹವ್ಯಾಸಿಗೆ ದೈವದತ್ತವಾದ ಒಂದು ಸೌಲಭ್ಯವಿದ್ದು, ಅದನ್ನು ಅವನು ಬಳಸಿಕೊಳ್ಳಲಾರನೆಂಬುದೇ ಈ ಶಾಸ್ತ್ರದ ಕರುಣರಸ. ಮುಂಗಾರಿನ ತಿಂಗಳುಗಳಲ್ಲಿ ನೆಲದ ಮೇಲಣ ಕೆಲವು ಕಿಲೋಮೀಟರುಗಳವರೆಗೆ ಪಡುವಣ ಗಾಳಿ ಬಲವಾಗಿ ಬೀಸಿ ಬಲೂನನ್ನು ಕೋಲಾರದ ಕಡೆಗೆ ತಳ್ಳುತ್ತದೆ. ಅದಕ್ಕೂ ಮೇಲೆ ಹೋದಂತೆ ಗಾಳಿ ದಿಕ್ಕು ತಿರುಗಿಸಿ ಮೂಡಣದಿಂದ ಬೀಸತೊಡಗಿ, 14–16 ಕಿ.ಮೀ. ಎತ್ತರದಲ್ಲಿ ‘ಉಷ್ಣವಲಯದ ಮೂಡಣ ಜೆಟ್’ ಎಂಬ ರಭಸದ ಪ್ರವಾಹವಾಗುತ್ತದೆ. ಇದನ್ನು ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1958ರಲ್ಲಿ ವಿವರಿಸಿದರು. ಸೆಕೆಂಡಿಗೆ 30 ಮೀಟರ್ ವೇಗದ ಈ ಪ್ರವಾಹದ ಆರು ಕಿ.ಮೀ. ದಪ್ಪದ ಪದರವನ್ನು ದಾಟಲು ಬಲೂನಿಗೆ 20 ನಿಮಿಷ ಹಿಡಿಯುವುದರಿಂದ, ಅಷ್ಟರಲ್ಲಿ ಅದು 36 ಕಿ.ಮೀ. ಪಡುವಣಕ್ಕೆ ಮರಳಿರುತ್ತದೆ. ಅಂದರೆ ಹೋದ ಡಬ್ಬಿ ತಾನಾಗಿ ಊರಿನ ಕಡೆಗೆ ಬರುವ ಕಾಲವೊಂದಿದೆ. ಆದರೆ ಆ ಕಾಲದಲ್ಲಿ ಆಕಾಶವೆಲ್ಲ ಮೋಡ. ಬರುವ ಚಿತ್ರಗಳಲ್ಲಿ ಬೂದು ಬಣ್ಣದ ಹೊರತು ಬೇರೇನೂ ಇರದು. ತಿಳಿಯಾಕಾಶದ ಚಳಿಗಾಲದಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ, ಡಬ್ಬಿ ಬರುವ ಭರವಸೆಯಿಲ್ಲ. 20 ಕಿ.ಮೀ.ಗೂ ಮೇಲಣ ಗಾಳಿಯಂತೂ ಸುಮಾರು 28 ತಿಂಗಳ ಆವರ್ತದಲ್ಲಿ ಮೂಡಣಕ್ಕೂ ಪಡುವಣಕ್ಕೂ ಹೊರಳುವ ಸ್ವಭಾವದ್ದಾಗಿ, ಒಮ್ಮೆ ಕಲಿತ ಪಾಠವನ್ನು ಮುಂದಿನ ವರ್ಷ ನಿರುಪಯುಕ್ತಗೊಳಿಸುತ್ತದೆ.

ಅನುಮತಿಯ ವಿಚಾರವನ್ನು ಸಂಕ್ಷೇಪವಾಗಿ ಹೇಳುವುದೇ ಕ್ಷೇಮ. ವಿಮಾನಯಾನದ ಅಧಿಕಾರಿಗಳ ಒಪ್ಪಿಗೆ, ವಾಯುಸಂಚಾರ ನಿಯಂತ್ರಕರಿಗೆ ಮುನ್ಸೂಚನೆ, ರೇಡಿಯೊ ಸಂಕೇತ ಕಳುಹಿಸುವುದಾದರೆ ಹ್ಯಾಮ್ ಪರವಾನಗಿ ಇವು ಅನಿವಾರ್ಯ. ಅರ್ಜಿಗಳು ಸಾಮಾನ್ಯವಾಗಿ ಕೇಳುವ ‘ತಲುಪುವ ಸ್ಥಳ’ ಎಂಬ ಅಂಕಣದಲ್ಲಿ ಸತ್ಯವಂತನು ‘ಗಾಳಿಯ ಚಿತ್ತ’ ಎಂದು ಬರೆದರೆ ಅರ್ಜಿ ತಿರಸ್ಕೃತವಾಗುವುದು ಸಹಜ; ‘ಮುಳಬಾಗಿಲು ತಾಲ್ಲೂಕು’ ಎಂದು ಬರೆದರೆ ಅದು ಸುಳ್ಳಾಗುವ ಸಂಭವ. ಅನುಮತಿಯಿಲ್ಲದೆ ಹಾರಿಸುವ ಧೀರರಿಗೆ 2023ರ ಫೆಬ್ರವರಿ 11ರ ಪ್ರಸಂಗವನ್ನು ನೆನಪಿಸಬೇಕು: ಕೆನಡಾದ ಯೂಕಾನ್ ಪ್ರದೇಶದ ಮೇಲೆ ಅಮೆರಿಕದ ಯುದ್ಧವಿಮಾನವು ನಾಲ್ಕು ಲಕ್ಷ ಡಾಲರಿಗೂ ಹೆಚ್ಚು ಬೆಲೆಯ ಕ್ಷಿಪಣಿಯಿಂದ ಉರುಳಿಸಿದ ಅಜ್ಞಾತ ವಸ್ತುವು, ಇಲಿನಾಯ್ ರಾಜ್ಯದ ಹವ್ಯಾಸಿಗಳು ನಿಯಮಬದ್ಧವಾಗಿಯೇ ಬಿಟ್ಟ ಪುಟ್ಟ ಬಲೂನಾಗಿದ್ದಿರಬಹುದೆಂಬ ಸಂದೇಹ ಎದ್ದಿತು. ಅದು ಅಧಿಕೃತವಾಗಿ ಖಚಿತವಾಗಲಿಲ್ಲ. ಖಚಿತವಾಗಿದ್ದರೆ, ಹವ್ಯಾಸಿ ಬಲೂನಿನ ಮೇಲೆ ಸರ್ಕಾರವೊಂದು ಮಾಡಿದ ಅತಿ ದೊಡ್ಡ ವೆಚ್ಚವೆಂದು ಅದನ್ನು ದಾಖಲಿಸಬಹುದಿತ್ತು.

ಡಬ್ಬಿಯ ಮೇಲಣ ಚೀಟಿಯ ಒಕ್ಕಣೆಯು ಸಾಹಿತ್ಯಶಾಸ್ತ್ರದ ವಿಷಯ. ಕೋಲಾರದಾಚೆ ಮೂರು ರಾಜ್ಯಗಳ ಗಡಿ ಹತ್ತಿರವಿರುವುದರಿಂದ ಚೀಟಿ ಕನ್ನಡ, ತೆಲುಗು, ತಮಿಳು ಮೂರರಲ್ಲಿಯೂ ಇರಬೇಕು. ಗೊನೆಸ್ ಪ್ರಕರಣದ ಬಳಿಕ ಫ್ರೆಂಚ್ ಸರ್ಕಾರವು, ಆಕಾಶದಲ್ಲಿ ಕಪ್ಪುಗಟ್ಟಿದ ಚಂದ್ರನಂಥದ್ದು ಕಂಡರೆ ಹೆದರಬಾರದು, ಅದು ಬಟ್ಟೆಯ ಯಂತ್ರ ಮಾತ್ರ ಎಂದು ಪ್ರಜೆಗಳಿಗೆ ಪ್ರಕಟಣೆ ಹೊರಡಿಸಿತ್ತು. ಆಧುನಿಕ ಹವ್ಯಾಸಿಯು ಅದನ್ನೇ ಮೂರು ಪದಗಳಿಗೆ ಇಳಿಸಿ ‘ಇದು ಬಾಂಬ್ ಅಲ್ಲ’ ಎಂದು ಕೆಂಪಕ್ಷರದಲ್ಲಿ ಬರೆಯುತ್ತಾನೆ. ಓದುವವರೆಗೂ ಅದನ್ನು ಮೀನಿನ ಡಬ್ಬಿಯೆಂದು ತಿಳಿದಿದ್ದ ರೈತನು ಓದಿದ ಮೇಲೆ ಓಡುತ್ತಾನೆ.

ಅವರೋಹಣದ ಸ್ಥಳಗಳಲ್ಲಿ ಉತ್ತಮ, ಮಧ್ಯಮ, ಅಧಮ ಭೇದಗಳಿವೆ. ಕೊಯ್ಲಾದ ರಾಗಿಹೊಲ ಉತ್ತಮ. ತೆಂಗಿನಮರ ಮಧ್ಯಮ; ಏಕೆಂದರೆ ಏರುವವರು ಊರಿನಲ್ಲಿ ಇದ್ದಾರೆ, ಕೂಲಿಯೂ ನಿಗದಿಯಾಗಿದೆ. ನೀಲಗಿರಿ ತೋಪು ಅಧಮ. ಆ ಮರವನ್ನು ಏರಿದವರನ್ನು ಕಂಡವರಿಲ್ಲ. ಹಿಂದೆ ಕೋಲಾರ ಜಿಲ್ಲೆಯ ಒಣಗಿದ ಕೆರೆಯಂಗಳಗಳು ವಿಶಾಲವಾಗಿ, ಮರವಿಲ್ಲದೆ, ಉತ್ತಮೋತ್ತಮವೆನಿಸಿದ್ದವು. ಆದರೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯು ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರನ್ನು ಅವುಗಳಿಗೆ ಹರಿಸತೊಡಗಿದ ಮೇಲೆ, ಸ್ಟ್ರ್ಯಾಟೋಸ್ಫಿಯರ್ ಕಂಡು ಬಂದ ಕ್ಯಾಮೆರಾವೊಂದು ತನ್ನದೇ ಊರಿನ ಬಚ್ಚಲನೀರಿನಲ್ಲಿ ಮುಳುಗುವ ಸಾಧ್ಯತೆಯನ್ನು ಯೋಜಕನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿದೆ.

ಡಬ್ಬಿ ದೊರೆತರೆ ಚಿತ್ರಗಳ ವರ್ಗೀಕರಣ. ಏರಲು 100 ನಿಮಿಷ, ಇಳಿಯಲು 40 ನಿಮಿಷವೆಂದಿಟ್ಟುಕೊಂಡು ಐದು ಸೆಕೆಂಡಿಗೊಂದರಂತೆ ತೆಗೆದರೆ ಸುಮಾರು 1,700 ಚಿತ್ರಗಳಾಗುತ್ತವೆ. 30 ಕಿ.ಮೀ. ಎತ್ತರದಿಂದ ದಿಗಂತವು 600 ಕಿ.ಮೀ.ಗೂ ಆಚೆಯಿರುವುದರಿಂದ, ಹೊಸಕೋಟೆಯ ನೆತ್ತಿಯ ಮೇಲಿಂದ ಅರಬ್ಬಿ ಸಮುದ್ರ ಮತ್ತು ಬಂಗಾಳ ಕೊಲ್ಲಿ ಎರಡೂ ಕಾಣಬೇಕೆಂಬುದು ಗಣಿತದ ವಾಗ್ದಾನ. ಡಬ್ಬಿಯು ದಾರದ ತುದಿಯಲ್ಲಿ ಗಿರಗಿರನೆ ತಿರುಗುವುದರಿಂದ ಕ್ಯಾಮೆರಾ ಕಾಣುವುದು ಬಹುಪಾಲು ಸೂರ್ಯನನ್ನು, ದಾರವನ್ನು, ಅಥವಾ ಮಸೂರದ ಮೇಲೆ ಕಟ್ಟಿದ ಮಂಜನ್ನು. ದುಂಡನೆಯ ಭೂಮಿ ಕಾಣುವ ಒಂದೆರಡು ಚಿತ್ರಗಳಿದ್ದರೂ, ಅಗಲಕೋನದ ಮಸೂರವು ಹೊಲದ ಬೇಲಿಯನ್ನೂ ಅಷ್ಟೇ ದುಂಡಗೆ ತೋರಿಸಿದೆಯೆಂದು ಆಕ್ಷೇಪಿಸುವವರಿಗೆ ಉತ್ತರವಿಲ್ಲ. ಸಂಖ್ಯೆಯಲ್ಲಿ ಎಲ್ಲವನ್ನೂ ಮೀರಿಸುವುದು ಕೊನೆಯ ವರ್ಗ: ನೆಲಕ್ಕೆ ಬಿದ್ದ ಮೇಲೂ ಸೆಲ್ಲು ಮುಗಿಯುವವರೆಗೆ ಐದು ಸೆಕೆಂಡಿಗೊಂದರಂತೆ ತೆಗೆದ, ರಾಗಿಯ ಕೂಳೆಯ ಮತ್ತು ಅದರ ಮೇಲೆ ಹರಿದಾಡುವ ಇರುವೆಗಳ ಚಿತ್ರಗಳು. ಕೀಟಶಾಸ್ತ್ರಕ್ಕೆ ಈ ಹವ್ಯಾಸದ ಕೊಡುಗೆಯನ್ನು ವಿದ್ವಾಂಸರು ಇನ್ನೂ ಗುರುತಿಸಿಲ್ಲ.

ಡಬ್ಬಿಯು ಹವ್ಯಾಸಿಗಿಂತ ಮೊದಲು ಪೊಲೀಸರ ಕೈಸೇರಿದ ಪಕ್ಷದಲ್ಲಿ ಅದರ ಅತ್ಯಂತ ನಿಖರವಾದ ವರ್ಣನೆ ದೊರೆಯುವುದು ಮಹಜರಿನಲ್ಲಿ. ಬಿಳಿ ಬಣ್ಣದ ಥರ್ಮೋಕೋಲ್ ಡಬ್ಬಿ ಒಂದು, ಎಡಮೂಲೆ ಮುಕ್ಕಾಗಿರುತ್ತದೆ. ಕೇಸರಿ ಬಣ್ಣದ ಛತ್ರಿಯಾಕಾರದ ಬಟ್ಟೆ ಒಂದು. ಹರಿದ ರಬ್ಬರು ಚೂರುಗಳು, ಎಣಿಸಿರುವುದಿಲ್ಲ. ಚಾಲನೆಯಲ್ಲಿರುವ ಕ್ಯಾಮೆರಾ ಒಂದು, ಮಹಜರು ಬರೆಯುತ್ತಿರುವ ದಫೇದಾರರ ಚಿತ್ರವನ್ನು ತೆಗೆಯುತ್ತಲೇ ಇರುತ್ತದೆ. ಸದರಿ ಮಾಲು ಸರ್ವೆ ನಂಬರಿನ ಹೊಲದಲ್ಲಿ ಬಿದ್ದಿದ್ದುದನ್ನು ಪಂಚರು ಕಣ್ಣಾರೆ ಕಂಡು ರುಜು ಮಾಡಿರುತ್ತಾರೆ; ಅದು 30 ಕಿ.ಮೀ. ಮೇಲೆ ಹೋಗಿ ಬಂದಿದೆಯೆಂಬ ವಾರಸುದಾರರ ಹೇಳಿಕೆಯ ಬಗ್ಗೆ, ಸದರಿ ಎತ್ತರದಲ್ಲಿ ಸ್ಥಳೀಯ ಪಂಚರು ಯಾರೂ ಲಭ್ಯರಿಲ್ಲದ ಕಾರಣ, ಆ ಅಂಕಣವನ್ನು ಖಾಲಿ ಬಿಡಲಾಗಿರುತ್ತದೆ.