ಅಣ್ಣನಿಗೆ ಮಾತ್ರ ಬೀಳುವ ಗೇರ್

ಬೆಂಗಳೂರಿನ ಕಲ್ಯಾಣ ನಗರದ ನಮ್ಮ ಬೀದಿಯಲ್ಲಿ ಕಾರುಗಳಿಗೆ ಸೆಂಟ್ರಲ್ ಲಾಕ್ ಇದೆ, ಸ್ಕೂಟರುಗಳಿಗೆ ಚಕ್ರದ ಬೀಗ ಇದೆ, ಚಪ್ಪಲಿ ಸ್ಟ್ಯಾಂಡಿಗೂ ಸಿಸಿಟಿವಿ ಇದೆ. ನಮ್ಮಣ್ಣನ ಪಿಕಪ್ ಗಾಡಿಗೆ ಮಾತ್ರ ಯಾವ ಕಾವಲೂ ಇರಲಿಲ್ಲ. ಎಷ್ಟೋ ರಾತ್ರಿ ಕೀಲಿ ಅದರಲ್ಲೇ ನೇತಾಡುತ್ತಿತ್ತು. ಕದ್ದವನು ಒಯ್ಯುವುದಾದರೂ ಹೇಗೆ? ಅದರ ಗೇರ್ ರಾಡ್ ಅಣ್ಣನ ಮಾತೊಂದನ್ನು ಬಿಟ್ಟು ಬೇರೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಒಬ್ಬ ಕೈ ಹಾಕಿ ನೋಡಿದ್ದೂ ಉಂಟು. ಗಾಡಿ ಗೋಡೆಗೆ ಮೂತಿ ಕೊಟ್ಟು ನಿಂತಿತ್ತು. ಹೊರಡಬೇಕಾದರೆ ರಿವರ್ಸ್ ಹಾಕಲೇಬೇಕು. ಬೆಳಗ್ಗೆ ಎದ್ದು ನೋಡಿದರೆ ಗೋಡೆಯಲ್ಲಿ ಬಿರುಕು, ಬಂಪರಿಗೆ ಸುಣ್ಣ, ಡ್ರೈವರ್ ಸೀಟಿನ ಕೆಳಗೆ ಒಂಟಿ ಚಪ್ಪಲಿ. ಪಾಪ, ರಿವರ್ಸ್ ಎಂದುಕೊಂಡು ಹಾಕಿದ್ದೆಲ್ಲ ಮುಂದಿನ ಗೇರೇ ಆಗಿ, ಗುದ್ದಿ ಗುದ್ದಿ ಸಾಕಾಗಿ ಹೋಗಿದ್ದಾನೆ. ಅಣ್ಣನಿಗೆ ಗೋಡೆಯ ಚಿಂತೆಯೇ ಇಲ್ಲ. "ನೋಡಿದ್ಯಾ?" ಎಂದು ಬಾನೆಟ್ಟಿನ ಮೇಲೆ ಕೈಯಾಡಿಸಿದ.

ಅವನದು ಶಾಮಿಯಾನದ ವ್ಯಾಪಾರ. ಹೆಣ್ಣೂರು ರಸ್ತೆ, ಬಾಣಸವಾಡಿ ರಸ್ತೆ ಎರಡರ ಹೆಸರನ್ನೂ ಹೊತ್ತಿದ್ದರಿಂದಲೇ ನಮ್ಮ ಬಡಾವಣೆ ಎಚ್‌ಆರ್‌ಬಿಆರ್ ಆಯಿತು. ಆ ಎರಡೂ ರಸ್ತೆಗಳ ಮದುವೆ, ನಾಮಕರಣ, ತಿಥಿಗಳಿಗೆ ಕುರ್ಚಿ ಹೊತ್ತದ್ದು ಈ ಗಾಡಿ. ಕಂಪನಿ ಯಾವುದೆಂದು ಹೇಳುವುದಿಲ್ಲ. ಅಷ್ಟು ಕೊಳದಪ್ಪಲೆ, ಅಷ್ಟು ಸೌಟು, ಅಷ್ಟು ಅಡುಗೆಭಟ್ಟರನ್ನು ಹೊತ್ತ ಮೇಲೆ ತಪ್ಪು ಕಂಪನಿಯದು ಅನ್ನುವುದು ಅನ್ಯಾಯ. ಸಾಲದ್ದಕ್ಕೆ ನಮ್ಮ ರಿಂಗ್ ರೋಡು. ಕೆ.ಆರ್. ಪುರದಿಂದ ವಿಮಾನ ನಿಲ್ದಾಣಕ್ಕೆ ಹೋಗುವ ಮೆಟ್ರೋ ನೀಲಿ ಮಾರ್ಗದ ಕೆಲಸ ಶುರುವಾದ ಮೇಲೆ ಅಲ್ಲಿ ಒಂದು, ಎರಡು, ಮತ್ತೆ ಒಂದು, ಇಷ್ಟೇ ಗೇರು. ನಾಲ್ಕನೆಯದಕ್ಕೆ ಕೈ ಹೋಗುವುದು ಭಾನುವಾರ ಬೆಳಗಿನ ಜಾವ ಮಾತ್ರ. ಒಂದು ಮುಹೂರ್ತದ ಕುರ್ಚಿ ಇಳಿಸುವಷ್ಟರಲ್ಲಿ ರಾಡು ಎಷ್ಟು ಸಲ ಮುಂದೆ ಹಿಂದೆ ಆಡುತ್ತದೋ ದೇವರಿಗೇ ಗೊತ್ತು.

ಪಿಕಪ್ಪಿನಲ್ಲಿ ಎಂಜಿನ್ ಮುಂದೆ, ತಳ್ಳುವ ಚಕ್ರ ಹಿಂದೆ. ಗೇರ್‌ಬಾಕ್ಸ್ ಡ್ರೈವರನ ಮೊಣಕಾಲಿನ ಪಕ್ಕದಲ್ಲೇ, ನೆಲದ ತಗಡಿನ ಕೆಳಗೆ. ಅಣ್ಣನ ಕಾಲದ ಗಾಡಿಗಳಲ್ಲಿ ರಾಡು ನೇರವಾಗಿ ಅದರ ನೆತ್ತಿಯೊಳಕ್ಕೇ ಇಳಿದಿರುತ್ತದೆ. ರಾಡಿನಲ್ಲಿ ಒಂದು ಉಕ್ಕಿನ ಗುಂಡು, ಗುಂಡಿಗೆ ನೈಲಾನಿನ ಬಟ್ಟಲು, ಮೇಲೆ ಒತ್ತಿ ಹಿಡಿಯಲು ಸ್ಪ್ರಿಂಗು, ಅದರ ಮೇಲೊಂದು ಮುಚ್ಚಳ. ಗುಂಡಿನಿಂದ ಕೆಳಗೆ ಉಳಿಯುವ ಗಿಡ್ಡ ತುದಿಯೇ ಒಳಗಿನ ಗೇರನ್ನು ಆರಿಸಿ ತಳ್ಳುವುದು. ಗುಂಡಿನ ಮೇಲೆ ರಾಡು ಮೊಳದುದ್ದ, ಕೆಳಗೆ ಕೆಲವೇ ಅಂಗುಲ. ಕೆಳಗೆ 1 ಮಿಲಿಮೀಟರ್ ಸವೆದರೆ ಮೇಲೆ ಹಿಡಿ ಏಳೆಂಟು ಮಿಲಿಮೀಟರ್ ಅಲ್ಲಾಡುತ್ತದೆ. ಅಣ್ಣನ ಗಾಡಿಯಲ್ಲಿ ಆ ಲೆಕ್ಕ ಗೇಣಿಗೆ ಬಂದು ನಿಂತಿತ್ತು.

ಹೀಗೆ ರಾಡಿನಿಂದ ಗೇರನ್ನು ಸರಿಸುವ ಪದ್ಧತಿಯನ್ನು ಕಾರಿಗೆ ತಂದವನು 1890ರ ದಶಕದ ಪ್ಯಾರಿಸ್ಸಿನ ಎಮಿಲ್ ಲೆವಾಸರ್. ಒರಟಾದರೂ ಕೆಲಸ ನಡೆಯುತ್ತದಲ್ಲ ಎಂಬರ್ಥದ ಮಾತು ಅವನ ಹೆಸರಿನಲ್ಲಿ ಚಾಲ್ತಿಯಲ್ಲಿದೆ. ಹಲ್ಲು ಕಿರುಗುಟ್ಟದೆ ಗೇರ್ ಬೀಳುವಂತೆ ಮಾಡುವ ಸಿಂಕ್ರೋಮೆಶ್ ಬಂದದ್ದು 1928ರಲ್ಲಿ, ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ. ಅಣ್ಣ ಮಾತ್ರ ಲೆವಾಸರನ ಪಕ್ಷ. "ನಡೀತಾ ಇದೆಯಲ್ಲ, ಯಾಕೆ ಬಿಚ್ಚಬೇಕು?"

ನಡೆಸಲು ಅವನು ಹೂಡಿದ ಉಪಾಯಗಳನ್ನು ಹೇಳದಿರುವುದು ಹೇಗೆ? ಮೊದಲು ಹವಾಯಿ ಚಪ್ಪಲಿಯ ತುಂಡು ಕೊರೆದು ರಾಡಿನ ಬುಡಕ್ಕೆ ತುರುಕಿದ. ಆಮೇಲೆ ಸೈಕಲ್ ಟ್ಯೂಬು ಸುತ್ತಿದ. ಹೆಣ್ಣೂರು ಫ್ಲೈಓವರ್ ಇಳಿಯುವಾಗ ನಾಲ್ಕನೇ ಗೇರ್ ಹಾರದಿರಲೆಂದು ರಾಡಿಗೆ ಶಾಮಿಯಾನದ ಹಗ್ಗ ಕಟ್ಟಿ, ಅದರ ತುದಿಯನ್ನು ಕೆಲಸದ ಹುಡುಗನ ಕೈಗೆ ಕೊಟ್ಟ. ಹುಡುಗ ಮೊಬೈಲು ನೋಡುತ್ತ ಎಳೆದು ಕೂತಿರುತ್ತಿದ್ದ. ಮೂರನೆಯದು ಬೇಕಾದರೆ ಅಣ್ಣ ರಾಡನ್ನು ತನ್ನ ತೊಡೆಗೆ ಒರಗಿಸಿ, ಅರೆಕ್ಷಣ ಕಣ್ಣು ಮುಚ್ಚಿ, ಮೊಣಕೈಯಿಂದ ತಳ್ಳುತ್ತಿದ್ದ. ರಾಡಿನ ತುದಿಯಲ್ಲಿದ್ದ, ಒಳಗೆ ಕೆಂಪು ಗುಲಾಬಿ ಹುದುಗಿಸಿದ ಗಾಜಿನಂಥ ಹಿಡಿ ಅವನ ಅಂಗೈಯಲ್ಲಿ ಉಜ್ಜಿ ಉಜ್ಜಿ ಮಂಜುಗಟ್ಟಿತ್ತು. ಅದರ ಮೇಲಿನ ಗೇರಿನ ನಕ್ಷೆ ಯಾವತ್ತೋ ಅಳಿಸಿಹೋಗಿತ್ತು.

ಮನೆಯಲ್ಲಿ ಇದರಿಂದ ನಷ್ಟವಾಗಿದ್ದು ಅತ್ತಿಗೆಗೆ. ಅವರಿಗೆ ಕಾರಿನ ಲೈಸೆನ್ಸ್ ಇತ್ತು, ಗಾಡಿ ಓಡಿಸುವ ಆಸೆಯೂ ಇತ್ತು. "ನಿನ್ನದು ಕಾರಿನ ಲೈಸೆನ್ಸು, ಇದು ಸರಕಿನ ಗಾಡಿ" ಎಂದು ಅಣ್ಣ ವರ್ಷಗಟ್ಟಲೆ ತಳ್ಳಿಹಾಕುತ್ತಿದ್ದ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಆ ನೆಪದ ಬಾಗಿಲು ಮುಚ್ಚಿತು: ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕೆ.ಜಿ. ಒಳಗಿನ ಸರಕು ವಾಹನವನ್ನೂ ಓಡಿಸಬಹುದು. ಅತ್ತಿಗೆ ಪೇಪರಿನ ತುಂಡನ್ನು ಫ್ರಿಜ್ಜಿಗೆ ಅಂಟಿಸಿದರು. ಅಣ್ಣ ಅದನ್ನು ಓದಿ ತಲೆಯಾಡಿಸಿ, "ಕೋರ್ಟು ಹೇಳಿದರೆ ಗೇರ್ ಬೀಳುತ್ತಾ?" ಎಂದ.

ಅದು ಆಡಬಾರದ ಮಾತು. ಮರುದಿನವೇ ಅತ್ತಿಗೆ ಮೆಕ್ಯಾನಿಕ್ ಭಾಯಿಯನ್ನು ಮನೆ ಮುಂದಕ್ಕೇ ಕರೆಸಿದರು.

ಅದಕ್ಕೆ ಮುಂಚೆ ಬೇರೊಂದು ಗ್ಯಾರೇಜಿನವರು ಗೇರ್‌ಬಾಕ್ಸನ್ನೇ ಇಳಿಸಬೇಕೆಂದು ಹೆದರಿಸಿದ್ದರು. ಭಾಯಿ ಗೇರ್ ಹಾಕಿ ರಾಡನ್ನು ಎರಡು ಬೆರಳಲ್ಲಿ ಆಡಿಸಿ ನೋಡಿ ನಕ್ಕರು. "ಅಣ್ಣಾ, ಇದು ಗೇರ್ ರಾಡಾ, ಸಾರಿನ ಸೌಟಾ? ಗೇರಲ್ಲಿದ್ದಾಗಲೂ ಹಿಂಗೆ ಅಲ್ಲಾಡಿದ್ರೆ ಬುಷ್ ಹೋಗಿದೆ ಅಂತ. ಆಕ್ಸಿಲೇಟರ್ ಬಿಟ್ಟಾಗ ಗೇರ್ ಹಾರಿದ್ರೆ ಒಳಗಡೆ ಕೆಲಸ ಇರಬಹುದು. ಮೊದಲು ಬುಷ್ ಹಾಕಿ ನೋಡೋಣ."

ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್ ಮಾಡಿ, ರಬ್ಬರ್ ಬೂಟು ಮೇಲೆತ್ತಿದರು. ಅದರಡಿ ಇದ್ದದ್ದು: ಮದುವೆ ಮನೆಗಳ ಅಕ್ಷತೆ, ಸೇಫ್ಟಿ ಪಿನ್ನು, ಗೋಟಡಿಕೆ, 2011ರಲ್ಲೇ ಚಲಾವಣೆ ನಿಂತ 25 ಪೈಸೆ. ಭಾಯಿ ಅದನ್ನೆಲ್ಲ ಬ್ರಷ್ಷಿನಲ್ಲಿ ಗುಡಿಸಿ ತೆಗೆದ ಮೇಲೆಯೇ ಮುಚ್ಚಳಕ್ಕೆ ಕೈ ಹಾಕಿದ್ದು. ಮುಚ್ಚಳ ಒತ್ತಿ ತಿರುಗಿಸಿ ರಾಡನ್ನು ಮೇಲಕ್ಕೆಳೆದ ಕೂಡಲೇ ತೂತಿಗೆ ಬಟ್ಟೆ ಮುಚ್ಚಿದರು. ಒಂದು ಅಕ್ಷತೆ ಕಾಳು ಬಿದ್ದರೂ ಗೇರ್ ಆಯಿಲಿನೊಳಗೆ ಈಜುತ್ತದೆ. ಭಾಯಿ ಬುಷ್ ಎಂದಿದ್ದ ನೈಲಾನ್ ಬಟ್ಟಲು ಒಡೆದು ಚೂರುಗಳಾಗಿತ್ತು. ನಾಲ್ಕು ಚೂರನ್ನು ಕಾಗದದಲ್ಲಿ ಕಟ್ಟಿ ನನ್ನ ಕೈಗಿತ್ತು, ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರೋಡಿಗೆ ಅಟ್ಟಿದರು.

ಜೆ.ಸಿ. ರೋಡಿನ ಕೌಂಟರಿನಲ್ಲಿ ಕೇಳುವ ಮೊದಲ ಪ್ರಶ್ನೆ "ಸ್ಯಾಂಪಲ್ ತಂದಿದ್ದೀರಾ?" ಎರಡನೆಯದು "ಒರಿಜಿನಲ್ಲಾ, ಲೋಕಲ್ಲಾ?" ಸ್ಯಾಂಪಲ್ ಎಂದು ಚೂರುಗಳನ್ನು ಸುರಿದೆ. ಅಂಗಡಿಯವರು ಕಣ್ಣೆತ್ತಿಯೂ ನೋಡದೆ ಉಗುರಿನಲ್ಲಿ ಒಂದನ್ನು ತಿರುವಿ, ಹಿಂದಿನ ಡಬ್ಬಿಯಿಂದ ಬಿಳೀ ಬಟ್ಟಲೊಂದನ್ನು ತೆಗೆದಿಟ್ಟರು. ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿ, ಅಲ್ಲೂ ಸಿಗದಿದ್ದರೆ ಲೇತಿನವರ ಹತ್ತಿರ ನೈಲಾನ್ ಕಡೆಸುವುದು ಎಂದು ಭಾಯಿ ದಾರಿ ಹೇಳಿದ್ದರು, ಅದು ಬೇಕಾಗಲಿಲ್ಲ. ಬೆಲೆ? ಇಂದಿರಾನಗರದಲ್ಲಿ ಒಂದು ಕಾಫಿ ಕುಡಿಯುವಷ್ಟೂ ಅಲ್ಲ.

ಗ್ರೀಸ್ ಹಚ್ಚಿ, ಬಟ್ಟಲು ಕೂರಿಸಿ, ಹಳೆಯ ಸ್ಪ್ರಿಂಗ್ ಬದಲಿಸಿ ಭಾಯಿ ಮುಚ್ಚಳ ತಿರುಗಿಸಿದರು. ಟಕ್. ರಾಡು ನೆಟ್ಟಗೆ ನಿಂತಿತು. ಅಣ್ಣ ಸೀಟಿಗೆ ಹತ್ತಿ, ಅಭ್ಯಾಸಬಲದಿಂದ ರಾಡನ್ನು ತೊಡೆಗೆ ಒರಗಿಸಿ, ಕಣ್ಣು ಮುಚ್ಚಿ ಮೊಣಕೈಯಿಂದ ತಳ್ಳಿದ. ಗಾಡಿ ಗಕ್ಕನೆ ನೆಗೆದು ಆಫ್ ಆಯಿತು. ಮತ್ತೆ ತಳ್ಳಿದ. ಮತ್ತೆ ಆಫ್.

"ರೀ, ಸ್ವಲ್ಪ ಇಳೀರಿ" ಎಂದರು ಅತ್ತಿಗೆ. ಸೆರಗು ಸಿಕ್ಕಿಸಿ ಹತ್ತಿ, ಒಂದನೇ ಗೇರ್ ಹಾಕಿ, ಕಮ್ಮನಹಳ್ಳಿ ಮುಖ್ಯರಸ್ತೆಯವರೆಗೂ ಹೋಗಿ, ನಾಲ್ಕು ಕಟ್ಟು ಕೊತ್ತಂಬರಿ ಸೊಪ್ಪು ತಂದರು. ಬಂದವರು ರಿವರ್ಸ್ ಹಾಕಿ ಬಿರುಕು ಬಿಟ್ಟ ಗೋಡೆಯ ಪಕ್ಕಕ್ಕೇ ನಿಲ್ಲಿಸಿದರು. ಭಾಯಿ ದುಡ್ಡು ಎಣಿಸಿಕೊಳ್ಳುತ್ತ, "ಮೇಡಂ ಕೈ ಚೆನ್ನಾಗಿದೆ ಅಣ್ಣಾ" ಎಂದರು. ಅಣ್ಣ ಹವಾಯಿ ಚಪ್ಪಲಿಯ ತುಂಡನ್ನು ಹುಡುಕುತ್ತಿದ್ದ.

ಈಗ ಅತ್ತಿಗೆಯ ಒತ್ತಾಯಕ್ಕೆ ಗಾಡಿಗೆ ಬೀಗ ಹಾಕುತ್ತಾರೆ. ಹೆಣ್ಣೂರಿನಿಂದ ಬಾಣಸವಾಡಿವರೆಗೆ ಯಾರ ಮನೆಯಲ್ಲಾದರೂ ಶುಭಕಾರ್ಯವಿದ್ದರೆ ತಿಳಿಸಿ: ಕುರ್ಚಿ, ಶಾಮಿಯಾನ, ಪಾತ್ರೆ ಎಲ್ಲವೂ ಇದೆ, ಇಳಿಸುವ ಕೂಲಿ ಬೇರೆ. ಗಾಡಿ ಅತ್ತಿಗೆ ತರುತ್ತಾರೆ. ಅಣ್ಣ ಪಕ್ಕದಲ್ಲಿ ಕೂತು ಬರುತ್ತಾನೆ. ದಯವಿಟ್ಟು ಅವನ ಹತ್ತಿರ ಗೇರಿನ ವಿಷಯ ಎತ್ತಬೇಡಿ.