ಡಾಕ್ಟರ್ ಇಟ್ಟುಕೊಂಡಿದ್ದ ಗಾಡಿ

ಕರ್ನಾಟಕದಲ್ಲಿ ಮಾರಾಟಕ್ಕೆ ನಿಂತ ಹಳೇ ಕಾರುಗಳೆಲ್ಲ ಒಂದು ಕಾಲಕ್ಕೆ ಯಾರೋ ಡಾಕ್ಟರದ್ದೇ. ಸಿಂಗಲ್ ಓನರ್, ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ, ಅಷ್ಟೇ ಓಡಿರುವುದು. ಬ್ರೋಕರುಗಳನ್ನು ನಂಬುವುದಾದರೆ ನಮ್ಮ ವೈದ್ಯರು ನಾಡಿ ನೋಡುವುದಕ್ಕಿಂತ ಹೆಚ್ಚು ಹೊತ್ತು ಕಾರು ಮಾರುವುದರಲ್ಲೇ ಕಳೆಯುತ್ತಿರಬೇಕು. ದಿನಾ ಎರಡೇ ಕಿಲೋಮೀಟರ್ ಓಡುವ ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ, ಒಳಗೆ ತೇವ ಕೂತು ಆಯಿಲ್ ಕೆಡುತ್ತದೆ, ಬ್ಯಾಟರಿ ಸೊರಗುತ್ತದೆ. ಅದಕ್ಕಿಂತ ಊರೂರು ತಿರುಗುವ ಮೆಡಿಕಲ್ ರೆಪ್ ಕಾರೇ ವಾಸಿ ಎನ್ನುವ ಮೆಕ್ಯಾನಿಕ್ಕುಗಳಿದ್ದಾರೆ. ಆದರೂ ಮೆಡಿಕಲ್ ರೆಪ್ ಹೆಸರು ಹೇಳಿ ಕಾರು ಮಾರಿದ ಗಂಡು ಇನ್ನೂ ಹುಟ್ಟಿಲ್ಲ.

ಇಂಥದೇ ಒಂದು ಡಾಕ್ಟರ ಕಾರನ್ನು, 2014ರ ಮಾಡೆಲ್ಲಿನ ಬೆಳ್ಳಿ ಬಣ್ಣದ ವ್ಯಾಗನ್ ಆರ್ ಅನ್ನು, ನೋಡಲು ಹೊರಟವರು ಶಿವಮೊಗ್ಗದ ಭೌತಶಾಸ್ತ್ರದ ಮೇಷ್ಟ್ರು. ಅವರದೂ ಈ ಪ್ರಬಂಧ ಬರೆದವರದೂ ಒಂದೇ ಆಧಾರ್ ಕಾರ್ಡ್ ಎಂಬ ಗುಮಾನಿ ಸ್ನೇಹಿತರಲ್ಲಿದೆ. ಗುಮಾನಿಗೆ ಮದ್ದಿಲ್ಲ.

ದಸರಾ ರಜೆಯಿಡೀ ಮೊಬೈಲಿನಲ್ಲಿ ವಿಡಿಯೋ ನೋಡಿ ಮೇಷ್ಟ್ರು ತಯಾರಾಗಿದ್ದರು. ಅವರ ಕೈಚೀಲದಲ್ಲಿ ಒಂದು ಟಾರ್ಚು, ಸೈಲೆನ್ಸರಿಗೆ ಹಿಡಿದು ಹೊಗೆಯ ಬಣ್ಣ ನೋಡಲು ಬಿಳೀ ಕರ್ಚೀಫು, ಮತ್ತು ಬ್ರಹ್ಮಾಸ್ತ್ರವಾಗಿ ಒಂದು ಮ್ಯಾಗ್ನೆಟ್. ಗುದ್ದಿ ನೆಗ್ಗಿದ ಜಾಗಕ್ಕೆ ಪುಟ್ಟಿ ಬಳಿದು ಪೇಂಟ್ ಹೊಡೆದಿದ್ದರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಮ್ಯಾಗ್ನೆಟ್ಟಿಗೆ ಗೊತ್ತಾಗುತ್ತದೆ; ತಗಡಿಗೆ ಅಂಟುವುದು ಪುಟ್ಟಿಗೆ ಅಂಟದು. ಮನೆಯಲ್ಲಿದ್ದ ಏಕೈಕ ಮ್ಯಾಗ್ನೆಟ್ ಎಂದರೆ ಫ್ರಿಜ್ಜಿನ ಬಾಗಿಲಲ್ಲಿ ಹಾಲಿನ ಲೆಕ್ಕದ ಚೀಟಿ ಹಿಡಿದುಕೊಂಡಿದ್ದ ಹಂಪಿಯ ಕಲ್ಲಿನ ರಥ. ಅದನ್ನೇ ಕಿತ್ತುಕೊಂಡು ಬಂದಿದ್ದರು.

ಪರೀಕ್ಷೆ ಮುಂದಿನ ಬಂಪರಿನಿಂದ ಶುರುವಾಯಿತು. ಮೇಷ್ಟ್ರು ರಥವನ್ನು ಇಟ್ಟರು. ರಥ ಜಾರಿ ನೆಲಕ್ಕೆ ಬಿತ್ತು. ಎತ್ತಿ, ಪ್ಯಾಂಟಿಗೆ ಒರೆಸಿ, ಗೇಣು ಆಚೆಗಿಟ್ಟರು. ಬಿತ್ತು. ಮೊಣಕಾಲೂರಿ ಕೂತು ಈ ತುದಿಯಿಂದ ಆ ತುದಿಯವರೆಗೆ ಇಡುತ್ತಾ ಹೋದರು, ರಥ ಬೀಳುತ್ತಾ ಹೋಯಿತು. ಅಷ್ಟು ಹೊತ್ತಿಗೆ ಕಲ್ಲಿನ ರಥದ ಒಂದು ಆನೆಗೆ ಸೊಂಡಿಲಿರಲಿಲ್ಲ. ಮೇಷ್ಟ್ರು ಎದ್ದು ಹಿಂದಿನ ಬಂಪರಿಗೆ ಹೋದರು. ಅಲ್ಲೂ ಅದೇ ಕಥೆ. ಬಾಡಿ ಪೂರ್ತಿ ಪುಟ್ಟಿಯದು, ಒಳಗೆ ಕಬ್ಬಿಣವೆನ್ನುವುದೇ ಇಲ್ಲ ಎಂದು ಅವರ ಮುಖ ತೀರ್ಪು ಕೊಟ್ಟುಬಿಟ್ಟಿತ್ತು.

“ಏನಪ್ಪಾ ಇದು? ಕಾರು ಮಾರ್ತಿದ್ದೀಯೋ, ಗಣಪತಿ ಮಾರ್ತಿದ್ದೀಯೋ?”

ಬ್ರೋಕರ್ ಸುಮ್ಮನಿದ್ದ. ಓದಿದ ಗಿರಾಕಿಯನ್ನು ತಿದ್ದಬಾರದು ಎಂಬುದು ಅವನ ವ್ಯಾಪಾರಧರ್ಮವಿರಬೇಕು. ಆ ಮೌನವನ್ನು ತಪ್ಪೊಪ್ಪಿಗೆ ಎಂದುಕೊಂಡ ಮೇಷ್ಟ್ರು, ಸುತ್ತ ಸೇರಿದ್ದ ಇಬ್ಬರು ಗಿರಾಕಿ, ಒಬ್ಬ ಆಟೋದವನು ಮತ್ತು ಟೀ ಹುಡುಗನಿಗೆ ಕಬ್ಬಿಣ, ನಿಕಲ್, ಕೋಬಾಲ್ಟ್ ಎಂದು ಬೆರಳು ಮಡಚುತ್ತಾ ಕಾಂತತ್ವದ ಪಾಠ ಶುರು ಮಾಡಿದರು. ಟೀ ಹುಡುಗ ಸ್ವಲ್ಪ ಹೊತ್ತು ಶ್ರದ್ಧೆಯಿಂದ ಕೇಳಿ ಹೇಳಿದ: “ಸಾರ್, ಬಂಪರು ಪ್ಲಾಸ್ಟಿಕ್ಕು.”

ಹತ್ತಾರು ಬ್ಯಾಚುಗಳಿಗೆ ಪಾಠ ಮಾಡಿದ ಅನುಭವ ಸುಮ್ಮನೆ ಹೋಗುತ್ತದೆಯೇ? “ಗೊತ್ತು ಕಣೋ,” ಎಂದರು ಮೇಷ್ಟ್ರು ಕನ್ನಡಕ ಏರಿಸಿಕೊಂಡು, “ಮೊದಲು ಅಂಟದ ಕಡೆ ಅಂಟಲ್ಲ ಅಂತ ಖಾತ್ರಿ ಮಾಡ್ಕೋಬೇಕು. ಅದು ಪ್ರಯೋಗದ ಕ್ರಮ.” ಆಮೇಲೆ ಬಾಗಿಲಿಗಿಟ್ಟರು. ಟಪ್ಪನೆ ಕೂತಿತು. ಬ್ರೋಕರ್ ಮೊದಲ ಸಲ ಬಾಯಿಬಿಟ್ಟ: “ಹಂಗೇ ಬಿಡಿ ಸಾರ್, ಲುಕ್ಕಾಗಿದೆ.”

ಉಳಿದ ತಪಾಸಣೆಯೆಲ್ಲ ಅವಸರದಲ್ಲೇ ಮುಗಿಯಿತು. ಟಯರಿನ ಮೇಲಿನ ನಾಲ್ಕಂಕಿ ಓದಿದರು. 3218 ಎಂದರೆ 2018ರ 32ನೇ ವಾರದಲ್ಲಿ ತಯಾರಾದದ್ದು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಇದೆಯೇ ನೋಡಿದರು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರು, ಸರ್ಜಾಪುರ ರಸ್ತೆಯ ಕಡೆ ಕಾರುಗಳು ಮುಳುಗಿದ ಮೇಲೆ ಈ ಬೆಲ್ಟ್ ಎಳೆಯುವ ವಿದ್ಯೆ ಎಲ್ಲರಿಗೂ ಬಂದಿದೆ. ಮೀಟರ್ 38,000 ಕಿಲೋಮೀಟರ್ ತೋರಿಸುತ್ತಿತ್ತು, ಕ್ಲಚ್ ಪೆಡಲಿನ ರಬ್ಬರು ಮಾತ್ರ ಸವೆದು ಕನ್ನಡಿಯಾಗಿತ್ತು. ಇವರು ಬರುವ ಮೊದಲೇ ಎಂಜಿನ್ ಸ್ಟಾರ್ಟ್ ಮಾಡಿಟ್ಟಿದ್ದರಿಂದ ಬಾನೆಟ್ಟು ಬೆಚ್ಚಗಿತ್ತು; ತಣ್ಣಗಿದ್ದಾಗ ಹೇಗೆ ಕೆಮ್ಮುತ್ತದೆ ಎಂಬುದು ಗುಟ್ಟಾಗಿಯೇ ಉಳಿಯಿತು.

ಈ ಗುಟ್ಟಿನ ಬಗ್ಗೆಯೇ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಒಂದು ಲೇಖನ ಪ್ರಕಟಿಸಿದರು. ಮಾರುವವನಿಗೆ ಕಾರಿನ ಹೊಟ್ಟೆಯೊಳಗಿನದೆಲ್ಲ ಗೊತ್ತು, ಕೊಳ್ಳುವವನಿಗೆ ಬಣ್ಣ ಮಾತ್ರ ಗೊತ್ತು. ಹಾಗಾಗಿ ಕೊಳ್ಳುವವನು ಯಾವ ಕಾರಿಗೂ ನಡುಮಟ್ಟದ ಬೆಲೆಯನ್ನೇ ಕೇಳುತ್ತಾನೆ. ಆ ಬೆಲೆಗೆ ಒಳ್ಳೇ ಕಾರಿನವನು ಮಾರದೆ ಮನೆಗೆ ಹೋಗುತ್ತಾನೆ. ಸಂತೆಯಲ್ಲಿ ಉಳಿಯುವುದು ಕೆಟ್ಟವೇ. ಮೂರು ಪತ್ರಿಕೆಗಳು ಲೇಖನವನ್ನು ವಾಪಸ್ ಕಳಿಸಿದ್ದವು, ಇದು ತೀರಾ ಸಾಮಾನ್ಯ ವಿಷಯ ಎಂಬ ಕಾರಣವೂ ಅದರಲ್ಲಿತ್ತು. 2001ರಲ್ಲಿ ಅವರಿಗೆ ನೊಬೆಲ್ ಬಂತು. ಶಿವಮೊಗ್ಗದ ಬ್ರೋಕರಿಗೆ ಇದೆಲ್ಲ ಲೇಖನವಿಲ್ಲದೆಯೇ ಗೊತ್ತು.

ಅಷ್ಟೂ ಹೊತ್ತು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಆರ್‌ಸಿ ಓದುತ್ತಿದ್ದ ಮೇಷ್ಟ್ರ ಹೆಂಡತಿ ತಲೆಯೆತ್ತಿದರು. “ರೀ, ಇದರ ಮೇಲೆ ಬ್ಯಾಂಕಿನ ಹೆಸರು ಹಾಗೇ ಇದೆಯಲ್ಲ. ಸಾಲ ತೀರಿದೆಯಂತಾ?”

ತೀರಿತ್ತಂತೆ. ಆದರೆ ಬ್ಯಾಂಕಿನ ಎನ್‌ಒಸಿ ತಂದು, ಫಾರಂ 35 ಕೊಟ್ಟು, ಆರ್‌ಟಿಒದಲ್ಲಿ ಆ ನಮೂದು ತೆಗೆಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಗಾಡಿ ಇವರ ಹೆಸರಿಗೆ ಆಗುವಂತಿಲ್ಲ. ನಂಬರ್ ಹಾಕಿ ನೋಡಿದರೆ ಬೆಂಗಳೂರಿನ ಟ್ರಾಫಿಕ್ ದಂಡಗಳೂ ಬಾಕಿ ಇದ್ದವು. 2023ರ ಫೆಬ್ರುವರಿಯಲ್ಲಿ ಅರ್ಧ ದಂಡದ ರಿಯಾಯಿತಿ ಕೊಟ್ಟಾಗ ಜನ ಕ್ಯೂ ನಿಂತು ಕಟ್ಟಿದರಲ್ಲ, ಈ ಡಾಕ್ಟರಿಗೆ ಆಗಲೂ ಪುರುಸೊತ್ತಾಗಿರಲಿಲ್ಲ.

ಕಾರು ಕೊಳ್ಳುವವರಿಗೆ ಬುದ್ಧಿ ಹೇಳುವವರ ಮೇಲೆ ಕೋಪ ಬರುವುದು ಇಲ್ಲೇ. ಎಂಜಿನ್ ಸದ್ದು ಕೇಳು, ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ನೋಡು ಎನ್ನುತ್ತಾರೆ. ಕಾಗದ ಓದು ಎಂದು ಯಾರೂ ಹೇಳುವುದಿಲ್ಲ. ಖಾಲಿ 29, 30 ಫಾರಂಗಳಿಗೆ ಸಹಿ ಹಾಕಿಸಿಕೊಂಡು, ಹೆಸರು ಬದಲಾಯಿಸದೆ, ಗಾಡಿಯನ್ನು ಕೈಯಿಂದ ಕೈಗೆ ದಾಟಿಸುವುದು ಈ ವ್ಯಾಪಾರದಲ್ಲಿ ಮಾಮೂಲು. ಅಪಘಾತವಾಗಿ ಯಾರಾದರೂ ಸತ್ತರೆ? ಕಾರು ಯಾವತ್ತೋ ಮಾರಿಹೋಗಿದ್ದರೂ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಪರಿಹಾರದ ಹೊಣೆ ಅವನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಅಲ್ಲಿಯೂ ಗಾಡಿ ಹೀಗೇ ಹಲವು ಕೈ ದಾಟಿತ್ತು, ದಾಖಲೆ ಮಾತ್ರ ಮೊದಲನೆಯವನ ಹೆಸರಲ್ಲೇ ಕೂತಿತ್ತು. ಬೇರೆಯವರು ಓಡಿಸಿದ ಕಾರಿನಡಿ ಸಿಕ್ಕ ಜೀವಕ್ಕೆ ತಾನು ಉತ್ತರ ಕೊಡಬೇಕಾಗಿ ಬಂದ ಆ ಮನುಷ್ಯನೂ ಯಾವುದೋ ಶೆಡ್ಡಿನಲ್ಲಿ ನಗುನಗುತ್ತಾ ಸಹಿ ಹಾಕಿದ್ದವನೇ ಇರಬೇಕು.

ದಂಡ ಕಟ್ಟಿಸಿ, ಬ್ಯಾಂಕಿನ ಹೆಸರು ತೆಗೆಸಿ, ಹಳೇ ಟಯರಿನ ಲೆಕ್ಕದಲ್ಲಿ ಇನ್ನಷ್ಟು ಇಳಿಸಿ, ಕೊನೆಗೆ ಅದೇ ಕಾರನ್ನು ಕೊಂಡರು, ಹೆಂಡತಿಯ ಹೆಸರಿಗೆ. ಮೇಷ್ಟ್ರು ಫೋಟೋಕ್ಕೆ ಕೀ ಹಿಡಿದು ನಿಂತಾಗ ಹೆಂಡತಿ ಬ್ರೋಕರನ್ನು ಕೇಳಿದರು: “ಇನ್ನೊಂದು ಕೀ?” ಗಾಡಿ ಕಳವಾದರೆ ಇನ್ಶೂರೆನ್ಸಿನವರು ಎರಡೂ ಕೀ ಕೇಳುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಬ್ರೋಕರ್ ತಲೆ ಕೆರೆದುಕೊಂಡು ಒಳಗೆ ಹೋದ. ಡ್ರಾಯರುಗಳನ್ನು ಎಳೆದ ಸದ್ದು ಬಹಳ ಹೊತ್ತು ಕೇಳಿಸಿತು. ಕೀ ಬಂತು, ಅದರ ಹಿಂದೆಯೇ ಯಾರೂ ಕೇಳದಿದ್ದ ಜಾಕೂ ಬಂತು. ಜಾಕಿನ ಹ್ಯಾಂಡಲ್ ನಾಳೆ ಕಳಿಸುತ್ತೇನೆ ಮೇಡಂ ಎಂದಿದ್ದಾನೆ.