ಶ್ರೀ ಗೆಟ್‌ಎಂಟೈಟಲ್‌ಮೆಂಟ್ಸ್ ಮಹಾತ್ಮೆ

ಒಬ್ಬ ಮನುಷ್ಯನಿಗೆ ಹಕ್ಕು ಇದೆಯೋ ಇಲ್ಲವೋ ಎಂಬುದನ್ನು ಕಣ್ಣು ಮಿಟುಕಿಸುವುದರೊಳಗೆ ಹೇಳುವ ಏರ್ಪಾಡೊಂದು 2017ರಿಂದಲೂ ಈ ಭೂಮಿಯ ಮೇಲೆ ಚಾಲ್ತಿಯಲ್ಲಿದೆ. ಕಾರವಾರ, ಅಂಕೋಲೆ ತಾಲೂಕುಗಳ ಜನರಿಗೆ ಈ ಶುಭವಾರ್ತೆಯನ್ನು ಇಷ್ಟು ವರ್ಷ ಯಾರೂ ಮುಟ್ಟಿಸಲಿಲ್ಲ ಎಂಬುದು ಖೇದಕರ. ಆ ಲೋಪವನ್ನು ಸರಿಪಡಿಸಲೆಂದೇ ಈ ಸ್ತುತಿ.

ಅಮೆಜಾನ್ ಕಂಪನಿಯ ಕ್ಲೌಡ್ ವಿಭಾಗ 2012ರಲ್ಲಿ ಸಾಫ್ಟ್‌ವೇರ್ ಮಾರುವುದಕ್ಕೆಂದು ಒಂದು ಮಾರ್ಕೆಟ್ ತೆರೆಯಿತು. ಕಾರವಾರದ ಆದಿತ್ಯವಾರದ ಸಂತೆಯನ್ನು ಕಂಡವರಿಗೆ ಮಾರ್ಕೆಟ್ ಅಂದರೇನು ಎಂದು ಹೇಳಬೇಕಿಲ್ಲ. ಆದರೆ ಆ ಸಂತೆ ಎಷ್ಟು ಹಿಂದುಳಿದಿದೆ ಎಂಬುದನ್ನು ಮಾತ್ರ ಹೇಳಬೇಕು. ಅಂಕೋಲೆಯ ಹಾಲಕ್ಕಿ ಹೆಂಗಸೊಬ್ಬಳು ಒಂದು ಡಜನ್ ಕರಿ ಈಶಾಡ ಮಾವು ಕೊಟ್ಟು ದುಡ್ಡು ಎಣಿಸಿಕೊಂಡಳೆಂದರೆ ಅಲ್ಲಿಗೆ ಅವಳಿಗೂ ನಮಗೂ ಸಂಬಂಧ ಮುಗಿಯಿತು. ನಾವು ಮನೆಗೆ ಹೋಗಿ ಪ್ರತಿ ಹಣ್ಣು ಕಚ್ಚುವ ಮುಂಚೆ ಅವಳು ಬಾಗಿಲಲ್ಲಿ ನಿಂತು, “ಒಡೆಯಾ, ಇದನ್ನ ತಿನ್ನೂಕೆ ನಿಮಗೆ ಇವತ್ತೂ ಅಧಿಕಾರ ಉಂಟಾ?” ಎಂದು ಕೇಳುವುದಿಲ್ಲ. ಕ್ಲೌಡ್ ಮಾರ್ಕೆಟ್ಟು ಕೇಳುತ್ತದೆ. ಅಲ್ಲಿ ಕೊಂಡದ್ದು ಹಣ್ಣಲ್ಲ, ಇಂತಿಷ್ಟು ದಿನ, ಇಂತಿಷ್ಟು ಜನ ಉಪಯೋಗಿಸಬಹುದೆಂಬ ಕರಾರು. ಹಾಗಾಗಿ ಗಿರಾಕಿ ಒಳಗೆ ಬಂದಾಗಲೆಲ್ಲ ಮಾರಿದವನ ಪ್ರೋಗ್ರಾಮು ಮೇಲಿನವರಲ್ಲಿ ವಿಚಾರಿಸಬೇಕು. ಆ ವಿಚಾರಣೆಯ ಹೆಸರೇ ಗೆಟ್‌ಎಂಟೈಟಲ್‌ಮೆಂಟ್ಸ್.

ಇದರ ಮೊದಲ ಗುಣ ಏಕನಿಷ್ಠೆ. ಪೈಥಾನ್ ಭಾಷೆಯಲ್ಲಿ ಬರೆಯುವವರು ಇದನ್ನು ಕರೆಯಲು ಬೋಟೋ3 ಎಂಬ ಲೈಬ್ರರಿ ಬಳಸುತ್ತಾರೆ. (ಬೋಟೋ ಎಂಬುದು ಅಮೆಜಾನ್ ನದಿಯ ಡಾಲ್ಫಿನ್. ನಮ್ಮ ಕೂರ್ಮಗಡದ ಕಡೆಯ ಡಾಲ್ಫಿನ್‌ಗಳಿಗೆ ಯಾರ ಹಕ್ಕನ್ನೂ ತಪಾಸಿಸುವ ಕೆಲಸ ಸಿಕ್ಕಿಲ್ಲ. ಸುಮ್ಮನೆ ನೆಗೆಯುತ್ತ ಕಾಲ ಕಳೆಯುತ್ತಿವೆ.) ಆ ಲೈಬ್ರರಿಯ ಉಳಿದ ವಿಭಾಗಗಳಲ್ಲಿ ಬಹಳಷ್ಟು ಹತ್ತಾರು, ನೂರಾರು ಕೆಲಸಗಳನ್ನು ಮೈಮೇಲೆ ಹಾಕಿಕೊಂಡಿವೆ. ಹಕ್ಕು ನೋಡುವ ಈ ವಿಭಾಗಕ್ಕೆ ಇರುವುದು ಒಂದೇ ಕೆಲಸ: ಇದೆಯೇ, ಇಲ್ಲವೇ. ಕೊಡುವ ಅಧಿಕಾರ ಇದಕ್ಕಿಲ್ಲ, ಕಿತ್ತುಕೊಳ್ಳುವ ಅಧಿಕಾರವೂ ಇಲ್ಲ. ಅಧಿಕಾರವೇ ಇಲ್ಲದೆ ಇಷ್ಟೊಂದು ಜನರನ್ನು ಬಾಗಿಲಲ್ಲಿ ನಿಲ್ಲಿಸುವ ವಿದ್ಯೆಯನ್ನು ಇದು ಎಲ್ಲಿ ಕಲಿತಿತೋ, ನಮ್ಮ ಕಚೇರಿಗಳ ಹೊಸ ಗುಮಾಸ್ತರು ವಿಚಾರಿಸಿಕೊಳ್ಳಬೇಕು.

ಕೇಳುವ ಕ್ರಮವೂ ಸರಳ. ಸಾಮಾನಿನ ಸಂಕೇತ ಕೊಡಬೇಕು. ಗಿರಾಕಿಯ ಗುರುತು, ಕರಾರಿನ ಬಾಬು ಇವನ್ನು ಸೋಸುವುದಕ್ಕೆ ಕೊಡಬಹುದು. ಒಂದೇ ಜರಡಿಗೆ ನಾಲ್ಕು ಹೆಸರು ಕೊಟ್ಟರೆ ನಾಲ್ಕರಲ್ಲಿ ಯಾವುದು ಹೊಂದಿದರೂ ಸರಿ. ಜರಡಿಗಳೇ ಎರಡಾದರೆ ಎರಡೂ ಕೂಡಿಬರಬೇಕು. ಉತ್ತರದಲ್ಲಿ ಎಷ್ಟು ಜನರಿಗೆ ಎಂಬ ಅಂಕಿ ಬರುತ್ತದೆ, ಮುಗಿಯುವ ತಾರೀಕು ಬರುತ್ತದೆ. ಈ ತಾರೀಕಿನ ಗಾಂಭೀರ್ಯವನ್ನು ಗಮನಿಸಬೇಕು: ಹಕ್ಕು ಆ ದಿನ ಮುಗಿಯುತ್ತದೆಂದು ಅರ್ಥವಲ್ಲ, ಕನಿಷ್ಠ ಆ ದಿನದವರೆಗಾದರೂ ಇರಬಹುದೆಂದು ಅರ್ಥ. ಕರಾರನ್ನು ಮುಂದುವರಿಸಲು ಒಪ್ಪಿದವನಿಗೂ ಮುಗಿಯುವ ತಾರೀಕು ತಪ್ಪಿದ್ದಲ್ಲ. ಹಕ್ಕಿಲ್ಲದಿದ್ದರೆ ಬೈಗುಳವಿಲ್ಲ, ಹಿಂಬರಹವಿಲ್ಲ, “ನಾಳೆ ಬನ್ನಿ” ಇಲ್ಲ. ಖಾಲಿ ಪಟ್ಟಿಯೊಂದು ಬರುತ್ತದೆ. ಏಕೆ ಖಾಲಿ ಎಂಬ ಅಧಿಕಪ್ರಸಂಗಕ್ಕೆ ಅಲ್ಲಿ ಜಾಗವಿಲ್ಲ.

ಎಡವಟ್ಟಾದಾಗ ಇದು ಕೊಡುವ ಕಾರಣ ಮೂರೇ. ನಮ್ಮ ನ್ಯಾಯಬೆಲೆ ಅಂಗಡಿಯ ಹೆಬ್ಬೆಟ್ಟಿನ ಯಂತ್ರದ ಮುಂದೆ ನಿಂತವರಿಗೆ ಮೂರೂ ಬಾಯಿಪಾಠ. ಇನ್‌ವ್ಯಾಲಿಡ್ ಪ್ಯಾರಾಮೀಟರ್ ಅಂದರೆ ಬೆರಳು ತಾಗಲಿಲ್ಲ, ಸೆರಗಿಗೆ ಒರೆಸಿ ಮತ್ತೊಮ್ಮೆ ಇಡಿ. ಥ್ರಾಟ್ಲಿಂಗ್ ಅಂದರೆ ಒಮ್ಮೆಗೇ ಎಲ್ಲರೂ ಬಂದರೆ ಹ್ಯಾಗೆ, ಹಿಂದೆ ಸರಿಯಿರಿ. ಇಂಟರ್ನಲ್ ಸರ್ವಿಸ್ ಎರರ್ ಅಂದರೆ ಸರ್ವರ್ ಡೌನ್. ಕಾರವಾರದ ಬೈತಖೋಲ ಬಂದರಿನಲ್ಲಿ ಬೆಳಗಾತ ಮೀನು ಹೆಚ್ಚಿ ಹೆಚ್ಚಿ ಬೆರಳಿನ ಗೆರೆ ಸವೆಸಿಕೊಂಡ ಅಮ್ಮನನ್ನು ಅವಳ ಪಾಲಿನ ಅಕ್ಕಿಗಾಗಿ ಎರಡು ಸಲ ಓಡಾಡಿಸುವ ಸಾಮರ್ಥ್ಯ, ಅಷ್ಟು ದೂರದ ವರ್ಜೀನಿಯಾದಲ್ಲಿ ಬಾಗಿಲು ಇಟ್ಟುಕೊಂಡ ಈ ಸೇವೆಗೂ ಇದೆ ಎಂದು ತಿಳಿದಾಗ ಪ್ರಪಂಚ ಒಂದೇ ಕುಟುಂಬವೆಂಬ ಭಾವನೆ ಗಟ್ಟಿಯಾಗುತ್ತದೆ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ವಿಷಯ. ಉತ್ತರ ಕನ್ನಡದ ಮುಕ್ಕಾಲು ಪಾಲಿಗೂ ಮಿಕ್ಕಿ ಅರಣ್ಯ. ಇಲ್ಲಿ ಮನೆ ಕಟ್ಟಿಕೊಂಡು, ನಾಲ್ಕು ಗುಂಟೆ ಗದ್ದೆ ಮಾಡಿಕೊಂಡವರಲ್ಲಿ ಬಹಳ ಜನ ಕಾಗದದ ಮೇಲೆ ಅತಿಕ್ರಮಣದಾರರು. ಇಂಥವರಿಗಾಗಿ 2006ರ ಅರಣ್ಯ ಹಕ್ಕು ಕಾಯಿದೆ ಬಂತು. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಇದ್ದರೆ ಸಾಕು. ಇತರೆ ಪಾರಂಪರಿಕ ಅರಣ್ಯವಾಸಿಯಾದರೆ ಅದೇ ದಿನಕ್ಕೆ ಹಿಂದಿನ ಮೂರು ತಲೆಮಾರು, ತಲೆಮಾರಿಗೆ ಇಪ್ಪತ್ತೈದರಂತೆ 75 ವರ್ಷ. ಹಾಲಕ್ಕಿ ಒಕ್ಕಲಿಗರು ಎಷ್ಟು ಕೇಳಿಕೊಂಡರೂ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಲ್ಲವಾದ್ದರಿಂದ ಅವರ ಲೆಕ್ಕವೂ 75ರದ್ದೇ. ಗಿಡಮರಗಳ ಜ್ಞಾನಕ್ಕಾಗಿ ಪದ್ಮಶ್ರೀ ಪಡೆದ ತುಳಸಿ ಗೌಡರು ಈ ಹಾಲಕ್ಕಿಗಳಲ್ಲೇ, ಅಂಕೋಲೆಯ ಹೊನ್ನಳ್ಳಿಯಲ್ಲಿ ಬಾಳಿದವರು. ಕಾಡನ್ನು ಬಲ್ಲವರು ಯಾರು ಎಂಬ ಪ್ರಶ್ನೆಗೆ ಅರ್ಜಿಯಲ್ಲಿ ಬಾಬೇ ಇಲ್ಲದಿರುವಾಗ ಪದ್ಮಶ್ರೀಯನ್ನು ಯಾವ ಕಾಲಂನಲ್ಲಿ ತುಂಬುವುದು?

75 ವರ್ಷ ಅಂದರೆ 1930ಕ್ಕೆ ಹೋಗಬೇಕು. ಆಗ ಈ ಜಿಲ್ಲೆ ಮುಂಬೈ ಪ್ರಾಂತದಲ್ಲಿತ್ತು. ಆ ವರ್ಷ ಅಂಕೋಲೆಯ ಜನ ಉಪ್ಪಿನ ಕಾನೂನು ಮುರಿಯುವುದರಲ್ಲಿ ತೊಡಗಿದ್ದರು. ಅದಾದ ಮೇಲೆ ಕರನಿರಾಕರಣೆಗೆ ಇಳಿದು ಕರ್ನಾಟಕದ ಬಾರ್ಡೋಲಿ ಎಂಬ ಬಿರುದು ಗಳಿಸಿದರು. ದೇಶಕ್ಕಾಗಿ ಕರ ಕಟ್ಟದ ಅಜ್ಜನ ಕರದ ರಸೀದಿಯನ್ನು ಮೊಮ್ಮಗ ಈಗ ಅಟ್ಟದ ಮೇಲೆ ಹುಡುಕುತ್ತಿದ್ದಾನೆ. ಅಜ್ಜ ಇಷ್ಟು ದೂರಾಲೋಚನೆಯಿಲ್ಲದ ಮನುಷ್ಯ ಎಂದು ಇತಿಹಾಸದ ಪುಸ್ತಕಗಳು ನಮಗೆ ಹೇಳಿರಲಿಲ್ಲ. ಜೈಲಿಗೆ ಹೋದವರ ಮನೆಯವರಿಗೆ ಒಂದು ಅನುಕೂಲವುಂಟು: ಬ್ರಿಟಿಷರು ಬರೆದಿಟ್ಟ ಕೇಸಿನ ಕಾಗದ ಸಿಕ್ಕರೆ ಅಜ್ಜ ಆ ಊರಿನವನೇ ಎಂದು ಸಾಧಿಸಬಹುದು. ಯಾರಿಗೂ ತೊಂದರೆ ಕೊಡದೆ ಕೊಟ್ಟಿಗೆಯಲ್ಲಿ ದನ ಕಟ್ಟಿಕೊಂಡಿದ್ದ ಅಜ್ಜನಾದರೆ ಕಷ್ಟ.

ನಿಯಮದ ಪ್ರಕಾರ ಹಿರಿಯರ ಹೇಳಿಕೆಯೂ ಒಂದು ಸಾಕ್ಷ್ಯವೇ. ಇಂಥದೇ ದಾಖಲೆ ಬೇಕೆಂದು ಹಠ ಹಿಡಿಯಬಾರದೆಂದು 2012ರಲ್ಲಿ ತಿದ್ದುಪಡಿಯೂ ಆಗಿದೆ. ಆ ತಿದ್ದುಪಡಿಯನ್ನು ಎಲ್ಲರೂ ಬಹಳ ಗೌರವದಿಂದ ಕಡತದೊಳಗೆ ಇಟ್ಟಿದ್ದಾರೆ. ಅರ್ಜಿಯು ಅರಣ್ಯ ಹಕ್ಕು ಸಮಿತಿ, ಗ್ರಾಮಸಭೆ, ಉಪವಿಭಾಗ ಸಮಿತಿಗಳನ್ನು ದಾಟಿ ಕಾರವಾರದ ಜಿಲ್ಲಾ ಸಮಿತಿಗೆ ಬರುವಷ್ಟರಲ್ಲಿ, 1930ರ ಕಾಲದ್ದನ್ನು ಕಣ್ಣಾರೆ ಕಂಡು ಹೇಳಬಲ್ಲ ಹಿರಿಯರು ತಾವೇ ದಾಖಲೆಯಾಗಿರುತ್ತಾರೆ. ಅರ್ಜಿ ಹಾಕಿದ ಜಾಗದ ಅಳತೆಯ ಬಗ್ಗೆ ಮದುವೆಮನೆಯ ಊಟದ ಪಂಕ್ತಿಯಲ್ಲೂ ಕೇಳಿಬರುವ ಮಾತು ಒಂದೇ: “ನಿಮ್ದು ಜಿಪಿಎಸ್ ಆಯ್ತಾ?”

ಆದ್ದರಿಂದ ನನ್ನ ವಿನಮ್ರ ಸೂಚನೆ: ಜಿಲ್ಲೆಯ ಅಷ್ಟೂ ಅರ್ಜಿಗಳನ್ನು ಗೆಟ್‌ಎಂಟೈಟಲ್‌ಮೆಂಟ್ಸ್ ವಶಕ್ಕೆ ಕೊಡಬೇಕು. ಇದರಿಂದ ಹಕ್ಕು ಸಿಗುತ್ತದೆಂದು ಯಾರೂ ತಪ್ಪು ತಿಳಿಯಬಾರದು. ಮೊದಲೇ ಯಾರೋ ಬರೆದಿಟ್ಟದ್ದನ್ನು ಓದಿ ಹೇಳುವುದಷ್ಟೇ ಇದರ ಧರ್ಮ. ಬರೆದಿಡದೇ ಇದ್ದರೆ ಖಾಲಿ ಪಟ್ಟಿ. ನಮ್ಮ ಬಹುಪಾಲು ಅರ್ಜಿದಾರರಿಗೆ ನಾಲ್ಕು ಮೆಟ್ಟಿಲು ಹತ್ತಿದ ಮೇಲೆ ಸಿಗುತ್ತಿರುವ ಉತ್ತರವೂ ಅದೇ. ಫಲ ಬದಲಾಗದು, ಕಾಲ ಉಳಿಯುತ್ತದೆ. ಹತ್ತಾರು ವರ್ಷ, ಬಸ್ಸಿನ ಚಾರ್ಜು, ಝೆರಾಕ್ಸಿನ ಖರ್ಚು, ವಕೀಲರ ಫೀಸು ಇಷ್ಟನ್ನೂ ಉಳಿಸಿ ಅರ್ಧ ಕ್ಷಣದಲ್ಲಿ ಇಲ್ಲ ಎನ್ನುವ ಸೌಕರ್ಯವನ್ನು ಬಡವರಿಂದ ಇನ್ನೆಷ್ಟು ದಿನ ಮುಚ್ಚಿಡುವುದು? ಒಂದು ಸಲಕ್ಕೆ 25ಕ್ಕಿಂತ ಹೆಚ್ಚು ಸಾಲು ಕೊಡುವುದಿಲ್ಲ, ಮುಂದಿನದಕ್ಕೆ ಟೋಕನ್ ಹಿಡಿದು ಮತ್ತೆ ಬರಬೇಕು ಎಂಬುದೂ ನಮ್ಮವರಿಗೆ ಹೊಸತಲ್ಲ.

ಕಾರವಾರದ ಸೀಬರ್ಡ್ ನೌಕಾನೆಲೆಗೆ ಅರಗಾದಂಥ ಊರುಗಳ ನೆಲ ಬಿಟ್ಟುಕೊಟ್ಟು ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟಿಗೆ ಅಲೆದವರಿಗೆ ಈ ಸೇವೆಯ ಇನ್ನೊಂದು ಅಂಗವೂ ಹಿಡಿಸೀತು. ಗಿರಾಕಿಯ ಕರಾರಿನಲ್ಲಿ ಏನಾದರೂ ಬದಲಾದರೆ ಮಾರಿದವನಿಗೆ ಒಂದು ಸೂಚನೆ ಹೋಗುತ್ತದೆ. ಇಂಥ ಗಿರಾಕಿಯದು, ಇಂಥ ಸಾಮಾನಿನದು ಬದಲಾಗಿದೆ ಎಂದಷ್ಟೇ ಅದರಲ್ಲಿ ಇರುತ್ತದೆ. ಹೆಚ್ಚಾಯಿತೋ, ಕಡಿಮೆಯಾಯಿತೋ, ಪೂರ್ತಿ ಹೋಯಿತೋ ತಿಳಿಯಬೇಕಾದರೆ ಮತ್ತೆ ಗೆಟ್‌ಎಂಟೈಟಲ್‌ಮೆಂಟ್ಸ್ ಬಾಗಿಲಿಗೇ ಹೋಗಿ ಕೇಳಬೇಕು. ನಮ್ಮ ಕಚೇರಿಗಳಿಂದ ಬರುವ ನೋಟಿಸುಗಳ ಶೈಲಿಯನ್ನು ಇಷ್ಟು ಶುದ್ಧವಾಗಿ ಉಳಿಸಿಕೊಂಡ ವಿದೇಶೀ ಸಂಸ್ಥೆ ಇನ್ನೊಂದಿರಲಾರದು. ನೋಟಿಸು ಮುಟ್ಟಿದವರು ದಾಖಲೆ ಸಮೇತ ಹಾಜರಾಗತಕ್ಕದ್ದು. ಯಾವ ದಾಖಲೆ ಎಂಬುದನ್ನು ಹಾಜರಾದ ಮೇಲೆ ತಿಳಿಸಲಾಗುವುದು.